ತೋಟದ ಹವಾಮಾನ ಯಂತ್ರ: ಅಳತೆಗೆ ಶಹಭಾಸ್, ವಾರದ ವರದಿಗೆ ಎಚ್ಚರ

ಒಂದು ಕಂಬ, ಮೇಲೊಂದು ಬಟ್ಟಲು, ಪಕ್ಕದಲ್ಲಿ ಬಿಳಿ ತಟ್ಟೆಗಳ ಗೋಪುರ, ಅಂಗೈಯಗಲದ ಸೋಲಾರ್ ಫಲಕ, ಒಳಗೊಂದು ಸಿಮ್. ಹಣ್ಣಿನ ತೋಟಕ್ಕೆಂದು ಮಾರುವ ಹವಾಮಾನ ಯಂತ್ರಗಳ ಹೆಸರು ಏನೇ ಇರಲಿ, ಸಾಮಾನು ಹೆಚ್ಚುಕಡಿಮೆ ಇಷ್ಟೇ. ಮಳೆ, ಉಷ್ಣಾಂಶ, ಗಾಳಿಯ ತೇವ, ಎಲೆಯ ತೇವ, ಗಾಳಿಯ ವೇಗ, ಬಿಸಿಲು, ಮಣ್ಣಿನ ತೇವ ಎಂದು ಏಳು ಅಳತೆ. ಜೊತೆಗೆ ವಾರಕ್ಕೊಮ್ಮೆ ಫೋನಿಗೆ ಬರುವ ವರದಿ, ಮುಂದಿನ ಏಳು ದಿನದ ಮುನ್ಸೂಚನೆ. ಈ ವಿಮರ್ಶೆ ಒಂದು ಕಂಪನಿಯದ್ದಲ್ಲ, ಇಡೀ ಜಾತಿಯದ್ದು. ಯಂತ್ರ ಒಳ್ಳೆಯದೇ. ತಕರಾರಿರುವುದು ವರದಿಯ ಮೇಲೆ, ಅದರಲ್ಲೂ ಅದರ ಮೊದಲ ಪುಟದ ಸರಾಸರಿಗಳ ಮೇಲೆ.

ಎರಡು ವಾರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಬುಧವಾರ ಮಧ್ಯಾಹ್ನ ಮುಕ್ಕಾಲು ಗಂಟೆಯೊಳಗೆ 42 ಮಿ.ಮೀ. ಮಳೆ ಹೊಯ್ದು ನಿಂತಿತು, ಮಿಕ್ಕ ದಿನ ಬಿಸಿಲು. ಎರಡನೆಯದರಲ್ಲಿ ಏಳು ರಾತ್ರಿಯೂ 6 ಮಿ.ಮೀ. ಜಿನುಗು, ಬೆಳಿಗ್ಗೆ ಹತ್ತಾದರೂ ಎಲೆ ಆರದು. ವರದಿಯಲ್ಲಿ ಎರಡಕ್ಕೂ ಒಂದೇ ಸಾಲು: ಒಟ್ಟು ಮಳೆ 42 ಮಿ.ಮೀ. ಹೂವಿನಲ್ಲಿರುವ ಮಾವಿಗೆ ಮಾತ್ರ ಇವು ಎರಡು ಬೇರೆ ಲೋಕ. ಮೊದಲ ವಾರದಲ್ಲಿ ಒಂದು ಮಧ್ಯಾಹ್ನದ ಪರಾಗ ತೊಳೆದುಹೋಯಿತು, ಸಂಜೆಯೊಳಗೆ ಗೊಂಚಲು ಒಣಗಿತು, ಅಷ್ಟೇ ನಷ್ಟ. ಚಿಬ್ಬು ರೋಗದ ಶಿಲೀಂಧ್ರ ಅಂಗಾಂಶದೊಳಗೆ ಇಳಿಯಬೇಕಾದರೆ 20ರಿಂದ 30 ಡಿಗ್ರಿ ಬೆಚ್ಚಗಿದ್ದು, ಸುಮಾರು 12 ಗಂಟೆ ಒದ್ದೆ ಇರಬೇಕು, ಇಲ್ಲವೇ ಗಾಳಿಯ ತೇವ 95% ಮೀರಿರಬೇಕು. ಎರಡನೆಯ ವಾರ ಅದಕ್ಕೆ ಆ ಅವಕಾಶವನ್ನು ಏಳು ಸಲ ಕೊಟ್ಟಿತು. ಗೊಂಚಲು ಕಪ್ಪಾಗುವುದು ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗವೇ ದೊಡ್ಡದು: ಎಳೆಗಾಯಿಗೆ ಹತ್ತಿದ ಸೋಂಕು ಸುಮ್ಮನೆ ಮಲಗಿದ್ದು, ಕಾಯಿ ಹಣ್ಣಾಗುವಾಗ ಕರಿಚುಕ್ಕೆಯಾಗಿ ಏಳುತ್ತದೆ. ಪೆಟ್ಟಿಗೆಯಲ್ಲಿ ಹಣ್ಣು ಕೆಟ್ಟಿತೆಂದು ಹಣ್ಣು ಮಾಗಿಸುವವರನ್ನು ದೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಪಪ್ಪಾಯಕ್ಕೆ ಲೆಕ್ಕ ತಿರುಗುಮುರುಗು. ರಾತ್ರಿಯ ಜಿನುಗನ್ನು ಅದರ ಬೇರು ತಾಳಿಕೊಳ್ಳುತ್ತದೆ. ಬಸಿಗಾಲುವೆ ಇಲ್ಲದ ಜೇಡಿ ನೆಲದಲ್ಲಿ ಒಂದೇ ಮಳೆಗೆ ನಿಂತ ನೀರು ಎರಡು ದಿನ ಇಳಿಯದಿದ್ದರೆ ಗಿಡವೇ ಹೋಗಬಹುದು.

ಆದ್ದರಿಂದ ಇಂಥ ಯಂತ್ರ ಕೊಳ್ಳುವವರು ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಸೆನ್ಸರ್ ಇದೆ ಎಂಬುದಲ್ಲ. ಗಂಟೆಗಂಟೆಯ ಅಂಕಿಗಳನ್ನು ಹಾಗೆಯೇ ಇಳಿಸಿಕೊಳ್ಳಲು ಆಗುತ್ತದೆಯೇ, ಅಲರ್ಟ್‌ನ ಮಿತಿಗಳನ್ನು ನಾವೇ ಬದಲಿಸಬಹುದೇ? ಎರಡರಲ್ಲಿ ಒಂದಕ್ಕೆ "ಇಲ್ಲ" ಎಂದರೂ ಆ ಯಂತ್ರ ಬೇಡ.

ಈಗ ಭಾಗಗಳಿಗೆ ಬರೋಣ. ಮಳೆಮಾಪಕ ಈ ಕಂಬದ ಅತ್ಯಂತ ನಂಬಿಗಸ್ತ ಸದಸ್ಯ. ಒಳಗೆ ತೂಗುಹಲಗೆಯಂತೆ ಆಚೀಚೆ ವಾಲುವ ಜೋಡಿ ಬಟ್ಟಲಿದೆ. ಒಂದು ತುಂಬಿ ವಾಲಿದರೆ 0.2 ಮಿ.ಮೀ. ಎಂದು ಎಣಿಕೆ. ಮೇಲಿನ ಬಟ್ಟಲಿನ ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇದ್ದರೆ ಒಂದು ವಾಲಿಗೆ 4 ಮಿ.ಲೀ. ನೀರು. ಪರೀಕ್ಷೆ ಸುಲಭ: ಒಂದು ಲೀಟರ್ ಬಾಟಲಿಗೆ ಸೂಜಿತೂತು ಮಾಡಿ, ಸುಮಾರು ಒಂದು ಗಂಟೆಯಲ್ಲಿ ಖಾಲಿಯಾಗುವಂತೆ ಮೇಲಿನ ಬಟ್ಟಲಿಗೆ ಹನಿಸಿ. 250 ವಾಲು, ಅಂದರೆ 50 ಮಿ.ಮೀ. ತೋರಿಸಬೇಕು. 238 ಬಂದರೆ 5% ಕಡಿಮೆ ಎಣಿಸುತ್ತಿದೆ, ಬಟ್ಟಲು ಬೇಕಿದ್ದಕ್ಕಿಂತ ಹೆಚ್ಚು ನೀರು ತುಂಬಿಸಿಕೊಂಡು ವಾಲುತ್ತಿದೆ ಎಂದರ್ಥ. ಕೆಳಗೆ ಬಟ್ಟಲು ಕೂರುವ ಎರಡು ತಿರುಪುಗಳನ್ನೂ ಸಮವಾಗಿ ಒಂದಿಷ್ಟು ಮೇಲೇರಿಸಿ, ಮತ್ತೆ ಹನಿಸಿ ನೋಡಿ. ಒಂದೇ ಕಡೆಯ ತಿರುಪು ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ಆಮೇಲೆ ಎರಡು ಬಟ್ಟಲಿಗೆ ಎರಡು ಅಳತೆಯಾಗುತ್ತದೆ.

ಇದರ ದೌರ್ಬಲ್ಯಗಳೂ ಗೊತ್ತಿರಲಿ. ಧೋ ಎಂದು ಸುರಿಯುವಾಗ ಬಟ್ಟಲು ವಾಲುತ್ತಿರುವ ಆ ಅರೆಕ್ಷಣದಲ್ಲಿ ಬೀಳುವ ನೀರು ಆಗಲೇ ತುಂಬಿದ ಬಟ್ಟಲಿಗೇ ಹೋಗಿ ಲೆಕ್ಕ ತಪ್ಪುತ್ತದೆ. ಹಾಗಾಗಿ ಬಿರುಮಳೆಯಲ್ಲಿ ಅಂಕಿ ಯಾವಾಗಲೂ ನಿಜಕ್ಕಿಂತ ಕೆಳಗೆ. ಇನ್ನೊಂದು ಕಸ. ತರಗೆಲೆ, ಹಕ್ಕಿ ಹಿಕ್ಕೆ, ಇರುವೆಗೂಡು ಸೇರಿ ಮೇಲಿನ ಬಟ್ಟಲಿನ ತೂತು ಅರೆಬರೆ ಮುಚ್ಚಿದರೆ ಮಳೆ ನಿಂತ ಮೇಲೂ ಗಂಟೆಗಟ್ಟಲೆ ಹನಿ ಇಳಿಯುತ್ತಿರುತ್ತದೆ. ಗ್ರಾಫಿನಲ್ಲಿ ಮಟ್ಟಸ ಸಣ್ಣ ಮಳೆ ರಾತ್ರಿಯಿಡೀ ಕಂಡು, ಎಲೆತೇವದ ಸೆನ್ಸರ್ ಮಾತ್ರ ಒಣ ಎಂದರೆ ತೂತು ಕಟ್ಟಿದೆ, ಅಷ್ಟೇ.

ಉಷ್ಣಾಂಶದ ಸೆನ್ಸರ್ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದರ ಮೇಲಿನ ಬಿಳಿ ತಟ್ಟೆಗಳಲ್ಲಿದೆ. ನೆಲದಿಂದ 1.25ರಿಂದ 2 ಮೀಟರ್ ಎತ್ತರ, ತಟ್ಟೆಗಳ ನಡುವೆ ಗಾಳಿಯಾಡುವ ಸಂದು, ಅಕ್ಕಪಕ್ಕ ಸಿಮೆಂಟು ನೆಲವಾಗಲಿ ತಗಡಿನ ಚಾವಣಿಯಾಗಲಿ ಇರಬಾರದು. ತಟ್ಟೆ ಹಳದಿಯಾಗಿ ಧೂಳು ಕೂತರೆ, ಗಾಳಿಯಿಲ್ಲದ ಬಿಸಿಲಲ್ಲಿ ಗರಿಷ್ಠ ಉಷ್ಣಾಂಶ 2 ಡಿಗ್ರಿ ಹೆಚ್ಚು ತೋರಿಸುವುದು ದೊಡ್ಡ ಮಾತಲ್ಲ. ಅಷ್ಟಕ್ಕೇನಂತೆ ಎನ್ನುವವರಿಗೆ ಬಾಳೆಯ ಲೆಕ್ಕ ಹೇಳಬೇಕು.

ಕ್ಯಾವೆಂಡಿಶ್ ಜಾತಿಯ ಬಾಳೆ 14 ಡಿಗ್ರಿಗಿಂತ ಕೆಳಗೆ ಬೆಳೆಯುವುದಿಲ್ಲ ಎಂದಿಟ್ಟುಕೊಂಡು, ದಿನದ ಸರಾಸರಿಯಿಂದ 14 ಕಳೆದು, ಉಳಿದದ್ದನ್ನು ದಿನದಿನ ಕೂಡುತ್ತಾ ಹೋಗುತ್ತಾರೆ. ಗೊನೆ ಹೊರಬಿದ್ದ ದಿನದಿಂದ ಈ ಮೊತ್ತ 900 ಮುಟ್ಟಿದಾಗ ರಫ್ತಿನ ಗಾತ್ರಕ್ಕೆ ಕಾಯಿ ತುಂಬಿರುತ್ತದೆ. ಗರಿಷ್ಠ 32, ಕನಿಷ್ಠ 22 ಇರುವ ದಿನಗಳಲ್ಲಿ ಸರಾಸರಿ 27, ದಿನಕ್ಕೆ 13 ಸೇರುತ್ತದೆ, ಸುಮಾರು 69 ದಿನ. ಗರಿಷ್ಠ 26, ಕನಿಷ್ಠ 16ರ ತಂಪಿನಲ್ಲಿ ದಿನಕ್ಕೆ 7 ಮಾತ್ರ, ಸುಮಾರು 129 ದಿನ. ಒಂದೇ ಗೊನೆ, ಒಂದೇ ಗೊಬ್ಬರ, ಎರಡು ತಿಂಗಳ ವ್ಯತ್ಯಾಸ. ಇನ್ನು ಕೊಳೆಯಾದ ತಟ್ಟೆ ಗರಿಷ್ಠವನ್ನು 2 ಡಿಗ್ರಿ ಏರಿಸಿದರೆ ಸರಾಸರಿ 1 ಡಿಗ್ರಿ ಏರುತ್ತದೆ, ದಿನಕ್ಕೆ 13ರ ಬದಲು 14 ಸೇರುತ್ತದೆ, ಯಂತ್ರ 64ನೆಯ ದಿನಕ್ಕೇ "ಕಡಿಯಿರಿ" ಎನ್ನುತ್ತದೆ. ಐದು ದಿನ ಮುಂಚೆ ಕಡಿದ ಗೊನೆಯಲ್ಲಿ ಕಾಯಿ ಸಣ್ಣ, ಮೂಲೆ ಎದ್ದಿರುತ್ತದೆ, ತೂಕ ಬರುವುದಿಲ್ಲ. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ತಟ್ಟೆ ಒರೆಸಿದರೆ ತೀರುವ ಸಮಸ್ಯೆ ಇದು. ಅಂದಹಾಗೆ, ಹೆಚ್ಚಿನ ಆ್ಯಪ್‌ಗಳಲ್ಲಿ ಈ ಲೆಕ್ಕದ ತಳಮಿತಿ 10 ಡಿಗ್ರಿ ಎಂದು ಮೊದಲೇ ತುಂಬಿರುತ್ತದೆ. ಅದು ಮೆಕ್ಕೆಜೋಳದ ಲೆಕ್ಕ. ಬಾಳೆಗೆ 14 ಎಂದು ತಿದ್ದಿಕೊಳ್ಳದಿದ್ದರೆ ಇಡೀ ಸೇವೆ ದಂಡ. ತಿದ್ದಿಕೊಂಡರೆ ಯಂತ್ರದ ಅತ್ಯುತ್ತಮ ಉಪಯೋಗ ಇದೇ.

ಗಾಳಿಯ ತೇವದ ಸೆನ್ಸರ್ ಹೊಸದರಲ್ಲಿ 2-3% ಆಚೀಚೆ ಹೇಳುತ್ತದೆ. ಧೂಳು, ಗಂಧಕದ ಸಿಂಪಡಣೆ ತಾಗುತ್ತಾ ಹೋದರೆ ಅಂಕಿ ಮೆಲ್ಲಗೆ ಜಾರುತ್ತದೆ. 95%ಕ್ಕೆ ಅಲರ್ಟ್ ಇಟ್ಟು, ಸೆನ್ಸರ್ 5% ಕಡಿಮೆ ಓದುತ್ತಿದ್ದರೆ ಆ ಗಂಟೆ ಹೆಚ್ಚುಕಡಿಮೆ ಎಂದೂ ಬಾರಿಸದು. ಪರೀಕ್ಷೆಗೆ ಅಡುಗೆ ಉಪ್ಪು ಸಾಕು: ಉಪ್ಪಿಗೆ ಸ್ವಲ್ಪವೇ ನೀರು ಹಾಕಿ ಕೆಸರಿನಂತೆ ಮಾಡಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಸೆನ್ಸರನ್ನು ಉಪ್ಪಿಗೆ ತಾಗದಂತೆ ಮೇಲೆ ತೂಗಿಬಿಟ್ಟು, ರಾತ್ರಿಯಿಡೀ ಬಿಡಿ. 25 ಡಿಗ್ರಿ ಹವೆಯಲ್ಲಿ 75% ತೋರಿಸಬೇಕು. 69 ತೋರಿಸಿದರೆ ಆ್ಯಪ್‌ನಲ್ಲಿ 6 ಕೂಡಿಸಿ, ಇಲ್ಲವೇ ಸೆನ್ಸರ್ ಬದಲಿಸಿ. ಡಬ್ಬಿ ಬಿಸಿಲಿಗೆ ಇಡಬಾರದು, ಒಳಗೆ ಹನಿಗಟ್ಟಿ ಸೆನ್ಸರ್ ನೆನೆಯುತ್ತದೆ.

ಎಲೆತೇವದ ಸೆನ್ಸರ್ ಪಟ್ಟಿಯನ್ನು ಅನೇಕರು ಬೇಡವೆಂದು ಬಿಡುತ್ತಾರೆ, ಏಕೆಂದರೆ ಅದು ಹೆಚ್ಚಾಗಿ ಬೇರೆ ಕೊಳ್ಳಬೇಕಾದ ಭಾಗ. ಗಾಳಿವೇಗದ ಸೆನ್ಸರ್ ಬಿಟ್ಟಾದರೂ ಇದನ್ನು ಹಾಕಿಸಿ. ಮಳೆ ಸೊನ್ನೆ ಎಂದಿರುವ ವಾರದಲ್ಲೂ ಇಬ್ಬನಿಯಿಂದ ಗೊಂಚಲು ರಾತ್ರಿ ಹತ್ತರಿಂದ ಬೆಳಿಗ್ಗೆ ಒಂಬತ್ತರವರೆಗೆ ಒದ್ದೆಯಿರಬಹುದು. ಅದನ್ನು ಹಿಡಿಯುವುದು ಈ ಪಟ್ಟಿಯೊಂದೇ. ಕಂಬದ ಮೇಲೆ ಬಯಲಿಗೆ ಕಟ್ಟಿದರೆ ಪ್ರಯೋಜನವಿಲ್ಲ. ಅಲ್ಲಿ ಏಳಕ್ಕೇ ಒಣಗುತ್ತದೆ, ಮರದ ಒಳಕೊಂಬೆಯಲ್ಲಿ ಇನ್ನೂ ಹನಿ ತೊಟ್ಟಿಕ್ಕುತ್ತಿರುತ್ತದೆ. ಕೊಂಬೆಗಳ ನಡುವೆ, ತಡವಾಗಿ ಬಿಸಿಲು ತಾಗುವ ಕಡೆ, 45 ಡಿಗ್ರಿ ಓರೆಯಾಗಿ ಕಟ್ಟಬೇಕು. ಹನಿ ಮೇಲೆ ನಿಲ್ಲದೆ ಎಲೆಯ ಹಾಗೆ ಜಾರಬೇಕು. ಔಷಧಿಯ ಉಳಿಕೆ ಅಂಟಿದರೆ ಒಣಗಿದ ಮೇಲೂ "ಒದ್ದೆ" ಎನ್ನುತ್ತದೆ, ಸಿಂಪಡಣೆಯಾದ ಮಾರನೆಯ ದಿನ ಬರಿಯ ನೀರಲ್ಲಿ ಒರೆಸಿ.

ಇಷ್ಟೆಲ್ಲ ಆದ ಮೇಲೂ ವರದಿಯಲ್ಲಿ ಬರುವ "ರೋಗದ ಅಪಾಯ: ಕಡಿಮೆ" ಎಂಬ ಹಸಿರು ಬೊಟ್ಟನ್ನು ನಂಬಬೇಡಿ. ಒಂದೇ ಬೊಟ್ಟು ಎಲ್ಲ ರೋಗಕ್ಕೂ ಹೇಗೆ ಸರಿಯಾದೀತು? ಮಾವಿನ ಬೂದಿ ರೋಗಕ್ಕೆ ಎಲೆ ಒದ್ದೆಯಾಗುವುದೇ ಬೇಡ. ತಂಪು ರಾತ್ರಿ, ಒಣ ಹಗಲು ಇದ್ದರೆ ಅದು ಗೊಂಚಲಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಹರಡುತ್ತದೆ. ಒಂದು ಒಳ್ಳೆಯ ಮಳೆ ಬಂದರೆ ತೊಳೆದೂ ಹೋಗುತ್ತದೆ. ಚಿಬ್ಬು ರೋಗಕ್ಕೆ ಹಸಿರು ಬೊಟ್ಟು ಬರುವ ವಾರವೇ ಬೂದಿಯ ವಾರ. ಎರಡಕ್ಕೂ ಬೇರೆ ಬೇರೆ ಅಲರ್ಟ್ ಕಟ್ಟಿಕೊಳ್ಳಿ: ಒಂದಕ್ಕೆ 20 ಡಿಗ್ರಿ ಮೇಲೆ 10 ಗಂಟೆ ಸತತ ತೇವ, ಇನ್ನೊಂದಕ್ಕೆ ಗೊಂಚಲಿರುವಾಗ ಸತತ ಮೂರು ದಿನ ಮಳೆಯಿಲ್ಲದ ತಂಪು ಬೆಳಗು. ಮೊದಲನೆಯದಕ್ಕೆ 12ರ ಬದಲು 10 ಇಟ್ಟದ್ದು ಬೇಕೆಂದೇ. 12 ಆದ ಮೇಲೆ ತಿಳಿದರೆ ಕೈಯಲ್ಲಿ ಸಮಯವಿರುವುದಿಲ್ಲ.

ಗಾಳಿವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುನ್ಸೂಚನೆಯಲ್ಲಿ ಬರುವುದು 10 ಮೀಟರ್ ಎತ್ತರದ ಗಾಳಿ, ಬಯಲಿನಲ್ಲಿ 2 ಮೀಟರ್ ಎತ್ತರಕ್ಕೆ ಅದರ ಮುಕ್ಕಾಲು ಪಾಲು ಹಿಡಿಯಬೇಕು. 40 ಕಿ.ಮೀ. ಎಂದರೆ 30. ಮರಗಳ ನಡುವೆ ನೆಟ್ಟ ಸೆನ್ಸರ್ ಹೇಗೂ ಕಡಿಮೆಯೇ ಹೇಳುತ್ತದೆ. ಗೊನೆಹೊತ್ತ ಬಾಳೆಯನ್ನು ಕೆಡವುವುದು ಸರಾಸರಿ ಗಾಳಿಯಲ್ಲ, ಒಮ್ಮೆಲೇ ಬೀಸುವ ಹೊಡೆತ. ವರದಿಯಲ್ಲಿ ಆ ಅಂಕಿ ಬೇರೆಯಾಗಿ ಇದೆಯೇ ನೋಡಿಕೊಳ್ಳಿ. ಸಿಂಪಡಣೆಗೆ ಗಂಟೆಗೆ 3ರಿಂದ 15 ಕಿ.ಮೀ. ನಡುವಿನ ಗಾಳಿ ಸರಿ.

ಮಣ್ಣಿನ ತೇವದ ಕಡ್ಡಿ ಒಂದಿದ್ದರೆ ಸಾಲದು, 20 ಮತ್ತು 40 ಸೆಂ.ಮೀ. ಆಳಕ್ಕೆ ಎರಡು ಬೇಕು, ಹನಿ ನೀರು ಬೀಳುವ ಜಾಗದಿಂದ ಒಂದು ಗೇಣು ದೂರ. ಇಲ್ಲಿ ನೋಡಬೇಕಾದದ್ದು ಮಟ್ಟವಲ್ಲ, ಏರಿಳಿತ. ದಾಳಿಂಬೆ ಬಿರಿಯುವುದು ನೀರು ಹೆಚ್ಚಾಗಿ ಅಲ್ಲ, ವಾರಗಟ್ಟಲೆ ಒಣಗಿಸಿ ಆಮೇಲೆ ಒಮ್ಮೆಲೇ ಕುಡಿಸಿದ್ದಕ್ಕೆ. ಒಣಗಿ ಬಿಗಿದ ಸಿಪ್ಪೆ ಒಳಗೆ ಉಬ್ಬುವ ಕಾಳಿನ ಜೊತೆ ಹಿಗ್ಗಲಾರದು. ಮ್ಯಾಂಗೊಸ್ಟೀನ್‌ನಲ್ಲೂ ಕೊಯ್ಲಿನ ಹೊತ್ತಿಗೆ ಒಣ ಹವೆಯ ಹಿಂದೆಯೇ ಜೋರು ಮಳೆ ಬಿದ್ದರೆ ಒಳಗಿನ ಹಳದಿ ಸೊನೆ ತೊಳೆಗೆ ಸೋರುತ್ತದೆ, ಬೆಳ್ಳಗಿರಬೇಕಾದ ತೊಳೆ ಗಾಜಿನಂತೆ ಪಾರಕವಾಗುತ್ತದೆ. ಹೊರಗಿನಿಂದ ಗೊತ್ತಾಗದು. ನೀರಿಗೆ ಹಾಕಿದರೆ ಅಂಥವು ಮುಳುಗುವ ಸಂಭವ ಹೆಚ್ಚು. 20 ಸೆಂ.ಮೀ. ಕಡ್ಡಿಯ ಗ್ರಾಫ್ ಗರಗಸದ ಹಲ್ಲಿನಂತೆ ಕಂಡರೆ ನೀರು ಕೊಡುವ ಅಂತರ ಕಡಿಮೆ ಮಾಡಿ, ಒಂದು ಸಲದ ಪ್ರಮಾಣವನ್ನೂ ಇಳಿಸಿ, ಬುಡಕ್ಕೆ ಒಣಹುಲ್ಲಿನ ಹೊದಿಕೆ ಹಾಕಿ. ಈ ಹೊದಿಕೆ ಆಪೂಸ್ ಮಾವಿಗೆ ಇನ್ನೊಂದು ಕಾರಣಕ್ಕೂ ಬೇಕು: ಕಾದ ನೆಲದಿಂದ ಏಳುವ ಝಳ ಅದರ ತಿರುಳು ಒಳಗೇ ಸ್ಪಂಜಿನಂತಾಗಲು ಒಂದು ಕಾರಣ. 2 ಮೀಟರ್ ಮೇಲಿನ ಸೆನ್ಸರ್‌ಗೆ ಆ ಝಳ ತಿಳಿಯುವುದೇ ಇಲ್ಲ.

ಮುನ್ಸೂಚನೆಯ ಸೇವೆಗೆ 5ಕ್ಕೆ 3 ಕೊಡಬಹುದು. ಮೊದಲ ಮೂರು ದಿನ ಕೆಲಸಕ್ಕೆ ಬರುತ್ತದೆ, ಐದನೆಯ ದಿನದಾಚೆ ಮಳೆಯ ವಿಷಯದಲ್ಲಿ ದಿಕ್ಕು ಮಾತ್ರ ಹಿಡಿಯಬೇಕು, ಅಂಕಿ ಹಿಡಿಯಬಾರದು. ಉಷ್ಣವಲಯದ ಮಳೆ ಮಧ್ಯಾಹ್ನದ ಸೆಕೆಗೆ ಅಲ್ಲಲ್ಲೇ ಹುಟ್ಟುವ ಮೋಡದ್ದು, ಒಂದು ತೋಟಕ್ಕೆ ಸುರಿದು ಪಕ್ಕದ್ದಕ್ಕೆ ಕೈಕೊಡುತ್ತದೆ. "ಮಳೆ 60%" ಎಂದರೆ ಹತ್ತು ಗಂಟೆಯಲ್ಲಿ ಆರು ಗಂಟೆ ಮಳೆ ಎಂದಲ್ಲ, 60% ತೋಟ ನೆನೆಯುತ್ತದೆ ಎಂದೂ ಅಲ್ಲ. ಆ ಜಾಗದಲ್ಲಿ ಆ ಅವಧಿಯಲ್ಲಿ ಮಳೆ ಬರುವ ಸಾಧ್ಯತೆ ಅಷ್ಟು, ಎಷ್ಟು ಬರುತ್ತದೆ ಎಂಬುದು ಅದರಲ್ಲಿಲ್ಲ. ಮಾವಿನ ಕೊಯ್ಲಿಗೆ ಈ ಮೂರು ದಿನವೇ ಸಾಕು. ಮಳೆ ನಿಂತ ಕೂಡಲೇ ಕಿತ್ತ ಕಾಯಿಯಲ್ಲಿ ನೀರು ಬಿಗಿದಿರುತ್ತದೆ, ತೊಟ್ಟು ಮುರಿದರೆ ಸೊನೆ ಚಿಮ್ಮಿ ಸಿಪ್ಪೆ ಸುಡುತ್ತದೆ, ಆಮೇಲೆ ಸಿಪ್ಪೆಯ ಉಸಿರುರಂಧ್ರಗಳ ಸುತ್ತ ಕಪ್ಪು ಚುಕ್ಕೆಯೂ ಏಳುತ್ತದೆ. ಎರಡು ಮೂರು ದಿನ ಒಣ ಹವೆ ಕಾದು, ಇಬ್ಬನಿ ಆರಿದ ಮೇಲೆ, 5 ಸೆಂ.ಮೀ. ಆದರೂ ತೊಟ್ಟು ಉಳಿಸಿ ಕತ್ತರಿಸಬೇಕು. ಮಣ್ಣು ತಾಗದಂತೆ ತಲೆಕೆಳಗಾಗಿಟ್ಟು ಸೊನೆ ಇಳಿಸಬೇಕು. ಮುನ್ಸೂಚನೆಯಲ್ಲಿ ಮತ್ತೆ ಮಳೆ ಕಂಡರೆ ಲೆಕ್ಕ ಬದಲು: ಬಲಿತ ಕಾಯಿಯನ್ನು ಮರದಲ್ಲೇ ಬಿಡುವುದಕ್ಕಿಂತ ಉದ್ದ ತೊಟ್ಟಿನೊಂದಿಗೆ ಇಳಿಸುವುದೇ ಮೇಲು, ಏಕೆಂದರೆ ಮಳೆ ಮುಂದುವರಿದರೆ ಹಣ್ಣಿನ ನೊಣ ಏರುತ್ತದೆ.

ವರದಿಯ ಇನ್ನೊಂದು ಕೊರತೆ ಅದರ ನೆನಪಿನ ಶಕ್ತಿ. ಈ ವಾರದ ಹವೆಯ ಫಲ ಈ ವಾರವೇ ಕಾಣುವುದು ಕಡಿಮೆ. ಪಪ್ಪಾಯದ ದ್ವಿಲಿಂಗಿ ಮೊಗ್ಗು ರೂಪುಗೊಳ್ಳುವಾಗ ತಂಪು ಹೆಚ್ಚಾದರೆ ಕೇಸರಗಳು ಅಂಡಾಶಯಕ್ಕೆ ಅಂಟಿಕೊಂಡು, ಕಾಯಿ ಸೊಟ್ಟಗೆ, ಮಡಿಕೆ ಮಡಿಕೆಯಾಗಿ ಬೆಳೆಯುತ್ತದೆ. ಸೆಕೆ ಹೆಚ್ಚಾದರೆ ಅಂಡಾಶಯವೇ ಕುಗ್ಗಿ ಹೂ ಕಾಯಿ ಕಟ್ಟದು. ಆ ಸೊಟ್ಟ ಹಣ್ಣು ಬುಟ್ಟಿಗೆ ಬರುವುದು ನಾಲ್ಕಾರು ತಿಂಗಳ ನಂತರ. ಅನಾನಸ್ ಹೊರಗೆ ಚಿನ್ನದಂತಿದ್ದು, ಕೊಯ್ದು ನೋಡಿದರೆ ದಿಂಡಿನ ಸುತ್ತ ಕಂದು ತಿರುಗಿರುವುದಕ್ಕೆ ಕೊಯ್ಲಿಗೆ ಮುಂಚಿನ ತಂಪು ವಾರಗಳು ಕಾರಣ. ಯಂತ್ರ ಹಳೆಯ ಅಂಕಿಗಳನ್ನು ಮೂರು ತಿಂಗಳಿಗೆ ಅಳಿಸಿಹಾಕುವುದಾದರೆ ಈ ನಂಟು ಎಂದೂ ಸಿಗದು. ವಾರಕ್ಕೊಮ್ಮೆ ಅಂಕಿಗಳನ್ನು ಇಳಿಸಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಗೊನೆ, ಹೂ, ಹೀಚು ಕಟ್ಟಿದ ದಿನಾಂಕ ಪಕ್ಕದಲ್ಲೇ ಬರೆಯಿರಿ.

ಕೊನೆಗೆ ಬ್ಯಾಟರಿ. ಸೋಲಾರ್ ಫಲಕ ಚಿಕ್ಕದು, ವಾರವಿಡೀ ಮೋಡ ಮುಸುಕಿದರೆ ಯಂತ್ರ ರಾತ್ರಿ ಹೊತ್ತು ಮಲಗಿಬಿಡುತ್ತದೆ. ಯಂತ್ರ ಬೇಕೇ ಬೇಕಾದ ವಾರವೂ ಅದೇ! ಕೆಟ್ಟದ್ದು ಇಷ್ಟೇ ಅಲ್ಲ: ವರದಿ ಬಂದಷ್ಟೇ ಅಂಕಿಗಳ ಸರಾಸರಿ ತೆಗೆದು, ಏನೂ ಆಗದ ಹಾಗೆ ಕಳಿಸುತ್ತದೆ. ರಾತ್ರಿಯ ಅಂಕಿ ಇಲ್ಲದ್ದರಿಂದ ವಾರ ನಿಜಕ್ಕಿಂತ ಬಿಸಿಯಾಗಿ, ಒಣಗಿ ಕಾಣುತ್ತದೆ. ಬಾಳೆಯ ಮೊತ್ತ ಏರುತ್ತದೆ, ಚಿಬ್ಬಿಗೆ ಎಣಿಸುವ ಒದ್ದೆ ಗಂಟೆಗಳು ಇಳಿಯುತ್ತವೆ, ಎರಡೂ ತಪ್ಪು ದಿಕ್ಕಿಗೆ. 15 ನಿಮಿಷಕ್ಕೊಂದು ಅಂಕಿಯೆಂದರೆ ದಿನಕ್ಕೆ 96, ವಾರಕ್ಕೆ 672 ಬರಬೇಕು. ಇಳಿಸಿದ ಕಡತದ ಸಾಲುಗಳನ್ನು ಎಣಿಸಿ, 640ಕ್ಕಿಂತ ಕಡಿಮೆಯಿದ್ದರೆ ಆ ವಾರದ ಸರಾಸರಿಯನ್ನು ಬಿಟ್ಟುಬಿಡಿ. ಮೋಡದ ದಿನಗಳಿಗೆ ಮುಂಚೆಯೇ ಅಂತರವನ್ನು 30 ನಿಮಿಷಕ್ಕೆ ಬದಲಿಸಿದರೆ (ಆಗ ವಾರಕ್ಕೆ 336 ಸಾಲು) ಬ್ಯಾಟರಿ ಹೆಚ್ಚು ದಿನ ತಡೆಯುತ್ತದೆ.

ಒಂದೇ ಬೆಳೆ, ಸಣ್ಣ ತೋಟ, ದಿನಾ ಸುತ್ತುವ ಕಾಲುಗಳು ಇದ್ದವರಿಗೆ ಇಷ್ಟು ದೊಡ್ಡ ಕಂಬ ಬೇಕಿಲ್ಲ. ಗೆರೆ ಹಾಕಿದ ಮಳೆ ಅಳೆಯುವ ಕೊಳವೆ, ಗರಿಷ್ಠ-ಕನಿಷ್ಠ ತೋರಿಸುವ ಥರ್ಮಾಮೀಟರ್ ಸಾಕು. ಪುಸ್ತಕದಲ್ಲಿ ಐದು ಕಲಂ: ದಿನಾಂಕ, ಬೆಳಿಗ್ಗೆ ಎಂಟರ ಮಳೆ, ಗರಿಷ್ಠ, ಕನಿಷ್ಠ. ಐದನೆಯದರಲ್ಲಿ, ಒಳಕೊಂಬೆಯ ಎಲೆಯನ್ನು ಬೆರಳಲ್ಲಿ ಸವರಿ, ಅದು ಎಷ್ಟು ಗಂಟೆಗೆ ಒಣಗಿತು ಎಂದು.